ನಿಂತುಹೋದ ಫ್ಲಾಪಿ ಡ್ರೈವ್ ಮತ್ತೆ ತಿರುಗಬೇಕೆಂದರೆ

ದಾವಣಗೆರೆಯ ಅಶೋಕ ರಸ್ತೆಗೆ ಹೊಂದಿಕೊಂಡ ಓಣಿಯೊಂದರಲ್ಲಿ ಮದುವೆ ಕರೆಯೋಲೆ, ಗೃಹಪ್ರವೇಶದ ಪತ್ರಿಕೆ ಅಚ್ಚು ಹಾಕುತ್ತಿದ್ದ ಪರಿಚಯದವರೊಬ್ಬರು ಅಂಗಡಿ ಮುಚ್ಚುವ ದಿನ ನನ್ನ ಕೈಗೆ ಒಂದು ಬೂಟಿನ ಡಬ್ಬಿ ಇಟ್ಟರು. ಒಳಗೆ ಅರವತ್ತಕ್ಕೂ ಹೆಚ್ಚು ಫ್ಲಾಪಿಗಳು, ಪೆನ್‌ಡ್ರೈವ್ ಬರುವ ಮೊದಲು ಕಡತ ಉಳಿಸಿಡುತ್ತಿದ್ದ ಕಾಂತಲೇಪದ ತೆಳು ಬಿಲ್ಲೆಗಳು. ಮೇಲೆ ನೀಲಿ ಶಾಯಿಯ ಚೀಟಿಗಳು: ‘ಲಗ್ನ, ವೈಶಾಖ’, ‘ಜಾತ್ರೆ ಕರಪತ್ರ’, ‘ಹರಿಹರದ ಪಾರ್ಟಿ, ಬಾಕಿ’. ಜೊತೆಗೆ ಅವನ್ನು ಓದಿ ಬರೆಯುವ, ಅವರ ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ 3.5 ಇಂಚಿನ ಡ್ರೈವ್. ಮನೆಗೆ ತಂದು ಬೇಡದ ಫ್ಲಾಪಿಯೊಂದನ್ನು ತೂರಿಸಿದೆ. ಒಳಗೆ ಹೋಯಿತು, ಹೊರಗೆ ಬರಲಿಲ್ಲ.

ಬಿಚ್ಚಿ ನೋಡಿದರೆ ಏನೂ ಮುರಿದಿರಲಿಲ್ಲ. ಕಾರ್ಖಾನೆಯಲ್ಲಿ ಹಚ್ಚಿದ್ದ ಗ್ರೀಸು ಇಷ್ಟು ವರ್ಷಗಳಲ್ಲಿ ಒಣಗಿ ಅರಗಿನಂತಾಗಿತ್ತು, ಅಷ್ಟೇ. ಆಮೇಲೆ ನನ್ನ ಮೇಜಿನ ಮೇಲೆ ಬಂದ ಇಪ್ಪತ್ತಕ್ಕೂ ಹೆಚ್ಚು ಡ್ರೈವ್‌ಗಳಲ್ಲಿ ಬಹುಪಾಲಿನ ಕಥೆ ಇದೇ. ಸತ್ತಿದೆ ಎಂದು ಗುಜರಿಗೆ ಹಾಕಿದ ಡ್ರೈವ್ ಸಾಮಾನ್ಯವಾಗಿ ಸತ್ತಿರುವುದಿಲ್ಲ, ಅಂಟಿಕೊಂಡಿರುತ್ತದೆ. ಅದನ್ನು ನಿಜವಾಗಿ ಕೊಲ್ಲುವವರು ಅಂಟು ಬಿಡಿಸಲು ಕೂತ ನಾವೇ: ಅವಸರದಿಂದ, ಅತಿಯಾದ ಎಣ್ಣೆಯಿಂದ, ಮುಟ್ಟಬಾರದ ತಿರುಪನ್ನು ತಿರುಗಿಸುವುದರಿಂದ.

ನಮ್ಮ ಊರಿನ ಡ್ರೈವ್‌ಗಳಿಗೆ ಇನ್ನೊಂದು ಶಾಪವೂ ಇದೆ. ಹಳೆಯ ಕಂಪ್ಯೂಟರ್ ಡಬ್ಬಿಗಳಲ್ಲಿ ಪವರ್ ಸಪ್ಲೈನ ಫ್ಯಾನ್ ಒಳಗಿನ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕಲ್ಲ, ಅದು ಫ್ಲಾಪಿಯ ಬಾಯಿಯಿಂದಲೂ ಬರುತ್ತದೆ. ಅಂದರೆ ಡ್ರೈವೇ ಕಂಪ್ಯೂಟರಿನ ಮೂಗು. ಹತ್ತಿ ಗಿರಣಿಗಳ ಊರಿನಲ್ಲಿ ಆ ಮೂಗಿಗೆ ಏನು ಸೇರಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಮಂಡಿಪೇಟೆಯ ಕಡೆಯಿಂದ ಬಂದ ಒಂದು ಡ್ರೈವಿನ ಮುಚ್ಚಳ ತೆಗೆದಾಗ ಮೋಟರಿನ ಸುತ್ತ ಹತ್ತಿಯ ಎಳೆ ದೀಪದ ಬತ್ತಿಯಂತೆ ಹೊಸೆದುಕೊಂಡಿತ್ತು. ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಯಿಂದ ಬಂದದ್ದರಲ್ಲಿ ಮಸಿ. ಚಿತ್ರದುರ್ಗದವುಗಳಲ್ಲಿ ಸಣ್ಣ ಕೆಂಪು ಧೂಳು. ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಗೆ ಫ್ಲಾಪಿ ಡ್ರೈವ್ ಒಂದು ಲೆಕ್ಕವೇ?

ಬಿಚ್ಚುವ ಮೊದಲು

ಯಾವ ಡ್ರೈವ್ ಎಂದು ಗುರುತಿಸಿಕೊಳ್ಳಿ. 3.5 ಇಂಚಿನ 1.44 ಎಂಬಿ ಡ್ರೈವ್ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಒಂದು ಬದಿಗೆ 80 ಪಥ (ಬರಹ ಕೂರುವ ವೃತ್ತಗಳು, ಟ್ರ್ಯಾಕ್), ಪ್ರತಿ ಪಥದಲ್ಲಿ 18 ವಿಭಾಗ (ಸೆಕ್ಟರ್), ವಿಭಾಗಕ್ಕೆ 512 ಬೈಟ್. 5.25 ಇಂಚಿನಲ್ಲಿ ಎರಡು ಜಾತಿ. 360 ಕೆಬಿಯದು 40 ಪಥದ್ದು, 300 ಸುತ್ತಿನದು. 1984ರಲ್ಲಿ ಐಬಿಎಂನ ಪಿಸಿ ಎಟಿ ಕಂಪ್ಯೂಟರಿನ ಜೊತೆಗೆ ಬಂದ 1.2 ಎಂಬಿಯದು 80 ಪಥದ್ದು, 360 ಸುತ್ತಿನದು. ನೋಡಲು ಅಣ್ಣತಮ್ಮಂದಿರಂತಿದ್ದರೂ ಹೆಡ್‌ಗಳ, ಅಂದರೆ ಫ್ಲಾಪಿಯ ಮೈ ಮುಟ್ಟಿ ಓದಿ ಬರೆಯುವ ಪುಟ್ಟ ತುದಿಗಳ, ಅಗಲವೇ ಬೇರೆ. 360 ಕೆಬಿಯ ಡ್ರೈವ್ ಬರೆದ ಫ್ಲಾಪಿಯನ್ನು 1.2 ಎಂಬಿಯ ಡ್ರೈವಿನಲ್ಲಿ ಓದಬಹುದು, ಆದರೆ ಅದರಲ್ಲಿ ಬರೆಯಲು ಹೋಗಬೇಡಿ. ಸಣ್ಣ ಹೆಡ್ ಅಗಲವಾದ ಪಥದ ಮಧ್ಯದಲ್ಲಿ ಮಾತ್ರ ಗೀಚುತ್ತದೆ, ಹಳೆಯ ಬರಹ ಅಂಚಿನಲ್ಲಿ ಉಳಿದು ಮೂಲ ಡ್ರೈವಿಗೆ ಎರಡೂ ಕಲಸಿಹೋಗುತ್ತವೆ.

ಸಾಮಾನು ಹೆಚ್ಚೇನೂ ಬೇಡ. ಸಣ್ಣ ಸ್ಕ್ರೂಡ್ರೈವರ್‌ಗಳು, ಚಿಮಟ, ಬೇಡದ ಹಲ್ಲುಜ್ಜುವ ಬ್ರಷ್, ಕೈಯಲ್ಲಿ ಒತ್ತುವ ರಬ್ಬರಿನ ಗಾಳಿ ಬಲ್ಬ್, ಬಿಗಿಯಾಗಿ ಸುತ್ತಿದ ಇಯರ್ ಬಡ್ ಅಥವಾ ಎಳೆ ಬಿಡದ ಪಾಲಿಯೆಸ್ಟರ್ ಬಡ್, ಹೊಲಿಗೆ ಯಂತ್ರದ ಎಣ್ಣೆ, ಬಿಳಿ ಲಿಥಿಯಂ ಗ್ರೀಸಿನ ಒಂದು ಸಣ್ಣ ಟ್ಯೂಬ್. ಪ್ಲಾಸ್ಟಿಕ್ ಭಾಗ ಹೆಚ್ಚಿದ್ದರೆ ಪ್ಲಾಸ್ಟಿಕ್ಕಿಗೆ ಹೊಂದುವ ಸಿಂಥೆಟಿಕ್ ಗ್ರೀಸು. ಎಲ್ಲಕ್ಕಿಂತ ಮುಖ್ಯವಾದದ್ದು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್. ಕೊರೋನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಇದೆಯಲ್ಲ ಎನ್ನಬೇಡಿ. ಅದರಲ್ಲಿ ಕೈ ಒಣಗದಿರಲೆಂದು ಗ್ಲಿಸರಿನ್ ಸೇರಿಸಿರುತ್ತಾರೆ, ಅದು ಹೆಡ್ಡಿನ ಮೇಲೆ ಪದರವಾಗಿ ಕೂರುತ್ತದೆ. ಆಲ್ಕೋಹಾಲ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ; ಕಿಟಕಿ ತೆರೆದಿರಲಿ, ಪೂರ್ತಿ ಆರುವವರೆಗೆ ಡ್ರೈವಿಗೆ ಕರೆಂಟು ಕೊಡಬೇಡಿ.

ಪಂಕ್ಚರ್ ಅಂಗಡಿಯ ಗಾಳಿ ಪೈಪಿನಿಂದ ಧೂಳು ಹೊಡೆಸುವ ಆಸೆಯನ್ನೂ ಬಿಡಿ. ಆ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ. ಒತ್ತಡಕ್ಕೆ ಹೆಡ್ಡಿನ ತೆಳು ತಗಡು ಬಾಗಿಹೋಗುತ್ತದೆ.

ಎಣ್ಣೆಯ ವಿಷಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಚಳ್ಳಕೆರೆ ಕಡೆಯಿಂದ ಬಂದ ಒಂದು ಡ್ರೈವಿಗೆ ಯಾರೋ ಪುಣ್ಯಾತ್ಮರು ಶೇಂಗಾ ಎಣ್ಣೆ ಬಿಟ್ಟಿದ್ದರು. ಎಣ್ಣೆ ಗಿರಣಿಗಳ ಊರು, ಕೈಗೆ ಸಿಕ್ಕಿದ್ದು ಅದೇ ಇರಬೇಕು. ಅಡುಗೆ ಎಣ್ಣೆಗಳು ಗಾಳಿಗೆ ತೆರೆದುಕೊಂಡು ಕ್ರಮೇಣ ಗೋಂದಾಗುತ್ತವೆ. ಒಲೆಯ ಪಕ್ಕದ ಗೋಡೆಯನ್ನು ಕೆರೆದವರಿಗೆ ಇದು ಗೊತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಿಗ್ಗೆ ಬಾಟಲಿಯಿಂದಲೇ ಇಳಿಯದ ಎಣ್ಣೆ ಹೆಡ್ ಜಾರುವ ಕಂಬಿಯ ಮೇಲೆ ಹೇಗೆ ಹರಿದೀತು? ತುಕ್ಕು ಬಿಡಿಸುವ ಸ್ಪ್ರೇ ಕೂಡ ಕೀಲೆಣ್ಣೆಯಲ್ಲ. ಅದು ಎಲ್ಲೆಂದರಲ್ಲಿ ಹಾರಿ ಫ್ಲಾಪಿ ಕೂರುವ ಜಾಗಕ್ಕೂ ಸೇರುತ್ತದೆ, ಆರಿದ ಮೇಲೆ ಕೆಲಸಕ್ಕೆ ಬರುವಂಥದ್ದು ಅಷ್ಟಾಗಿ ಉಳಿಯುವುದೂ ಇಲ್ಲ.

ಗುಂಡಿ, ತಟ್ಟೆ, ತೊಟ್ಟಿಲು

3.5 ಇಂಚಿನ ಡ್ರೈವಿನ ಮೇಲಿನ ತಗಡಿನ ಮುಚ್ಚಳ ಒಂದೆರಡು ಸಣ್ಣ ತಿರುಪುಗಳಲ್ಲಿ ಅಥವಾ ಬದಿಯ ಕೊಂಡಿಗಳಲ್ಲಿ ನಿಂತಿರುತ್ತದೆ. ಕೆಲವದರಲ್ಲಿ ಮುಂದಿನ ಪ್ಲಾಸ್ಟಿಕ್ ಮುಖವನ್ನು ಮೊದಲು ಬಿಡಿಸಬೇಕು. ಹಳೆಯ ಪ್ಲಾಸ್ಟಿಕ್ ಹಪ್ಪಳದಂತಿರುತ್ತದೆ, ಕೊಂಡಿಯನ್ನು ಉಗುರಿನಿಂದ ಎಬ್ಬಿಸಿ, ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಮುಚ್ಚಳ ತೆಗೆದ ತಕ್ಷಣ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ, ಸ್ಪ್ರಿಂಗ್‌ಗಳ ಎರಡೂ ತುದಿ ಕಾಣುವಂತೆ. ನೆನಪಿರುತ್ತದೆ ಎಂದುಕೊಂಡರೆ ಸಂಜೆಗೆ ಒಂದು ಸ್ಪ್ರಿಂಗ್ ಹೆಚ್ಚಾಗಿ ಉಳಿದಿರುತ್ತದೆ.

ಈ ಭಾಗವನ್ನು ನಿಧಾನವಾಗಿ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹೆಡ್ ಕಿತ್ತುಹೋಗುವ ಅಪಘಾತಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಫ್ಲಾಪಿ ಒಳಗೆ ಹೋಗುವಾಗ ಒಂದು ಸನ್ನೆ ಅದರ ತಗಡಿನ ಕವಾಟವನ್ನು ಪಕ್ಕಕ್ಕೆ ಸರಿಸುತ್ತದೆ. ಕೊನೆಯಲ್ಲಿ ಅದೇ ಸನ್ನೆ ಜಾರುತಟ್ಟೆಯ ಹಿಡಿತವನ್ನು ಬಿಡಿಸುತ್ತದೆ. ತಟ್ಟೆ ಸ್ಪ್ರಿಂಗಿನ ಬಲಕ್ಕೆ ಮುಂದೆ ಜಿಗಿಯುತ್ತದೆ, ಅದರ ಜೊತೆ ಗುಂಡಿಯೂ ಹೊರಗೆ ಚಿಮ್ಮುತ್ತದೆ. ತಟ್ಟೆಯ ಓರೆಗಂಡಿಗಳಲ್ಲಿ ಕುಳಿತ ನಾಲ್ಕು ಗೂಟಗಳು ಕೆಳಗೆ ಜಾರಿ, ಫ್ಲಾಪಿಯನ್ನು ಹೊತ್ತ ತೊಟ್ಟಿಲು ಮೋಟರಿನ ಮೇಲೆ ಇಳಿಯುತ್ತದೆ. ಮೇಲಿನ ಹೆಡ್ ಫ್ಲಾಪಿಯ ಮೇಲೆ ಕೂರುತ್ತದೆ. ಗುಂಡಿ ಒತ್ತಿದಾಗ ಇದೆಲ್ಲ ಹಿಂದುಮುಂದಾಗಿ ನಡೆಯಬೇಕು: ಮೊದಲು ತೊಟ್ಟಿಲು ಏರಬೇಕು, ಹೆಡ್ ಎತ್ತಿಕೊಳ್ಳಬೇಕು, ಆಮೇಲಷ್ಟೇ ಫ್ಲಾಪಿ ಹೊರಗೆ ಬರಬೇಕು.

ಓರೆಗಂಡಿಗಳಲ್ಲಿ ಗ್ರೀಸು ಗಟ್ಟಿಯಾದರೆ ತೊಟ್ಟಿಲು ಅರ್ಧಕ್ಕೆ ನಿಲ್ಲುತ್ತದೆ. ಹೆಡ್ ಇನ್ನೂ ಕವಾಟದ ಕಿಂಡಿಯೊಳಗೇ ಇರುತ್ತದೆ. ನೀವು ಫ್ಲಾಪಿಯ ತುದಿ ಹಿಡಿದು ಎಳೆಯುತ್ತೀರಿ. ಕವಾಟದ ತಗಡು ಹೆಡ್ಡಿಗೆ ಸಿಕ್ಕಿ, ಅದನ್ನು ಅದರ ತೆಳು ಹಾಸಿನ ಸಮೇತ ಕಿತ್ತುಕೊಂಡು ಬರುತ್ತದೆ. ಡ್ರೈವ್ ಅಲ್ಲಿಗೆ ಮುಗಿಯಿತು. ಆದ್ದರಿಂದ ಸಿಕ್ಕಿಕೊಂಡ ಫ್ಲಾಪಿಯನ್ನು ಎಂದೂ ಎಳೆಯಬೇಡಿ. ಮುಚ್ಚಳ ತೆಗೆದು, ಗುಂಡಿಯನ್ನು ಒತ್ತಿ ಹಿಡಿದು, ತೊಟ್ಟಿಲಿನ ಎರಡೂ ಬದಿಯನ್ನು ಉಗುರಿನಿಂದ ಸಮನಾಗಿ ಎತ್ತಿ, ಮೇಲಿನ ಹೆಡ್ ಬಿಡಿಸಿಕೊಂಡಿದೆ ಎಂದು ಟಾರ್ಚ್ ಹಾಕಿ ನೋಡಿದ ಮೇಲೆ ಫ್ಲಾಪಿಯನ್ನು ಮೆಲ್ಲಗೆ ಜಾರಿಸಿ.

ಈಗ ಬದಿಯ ಸ್ಪ್ರಿಂಗ್‌ಗಳನ್ನು ಚಿಮಟದಿಂದ ಬಿಡಿಸಿ ತೊಟ್ಟಿಲನ್ನೂ ತಟ್ಟೆಯನ್ನೂ ಹೊರಗೆ ತೆಗೆಯಿರಿ. ಹೊರಗೆ ಬರುವಾಗ ಮೇಲಿನ ಹೆಡ್ಡಿನ ತೋಳು ತೊಟ್ಟಿಲಿನ ಅಂಚಿಗೆ ಸಿಗದಂತೆ ಒಂದು ಬೆರಳು ಅಲ್ಲಿರಲಿ. ಹಳೆಯ ಗ್ರೀಸು ಕಂದು ಬಣ್ಣದ ಮೇಣದಂತೆ ಕಾಣುತ್ತದೆ. ಆಲ್ಕೋಹಾಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಮತ್ತೆ ಉಜ್ಜಿ. ಬರೀ ಲೋಹದ ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಬಿಸಿಲಿಗೆ ಇಟ್ಟರೂ ನಡೆಯುತ್ತದೆ. ಹಳೆಯದರ ಮೇಲೆ ಹೊಸ ಗ್ರೀಸು ಹಚ್ಚುವುದು ಮಾತ್ರ ಬೇಡ. ವಾರದ ಮಟ್ಟಿಗೆ ಚೆನ್ನಾಗಿ ಓಡುತ್ತದೆ, ಆಮೇಲೆ ಎರಡೂ ಸೇರಿ ಹೊಸ ಅಂಟಾಗುತ್ತದೆ.

ಹೊಸ ಗ್ರೀಸು ಎಷ್ಟು? ಪ್ರತಿ ಓರೆಗಂಡಿಗೆ ಅರ್ಧ ಸಾಸಿವೆ ಕಾಳಿನಷ್ಟು, ಹಲ್ಲುಕಡ್ಡಿಯ ತುದಿಯಲ್ಲಿ. ಬೆಣ್ಣೆ ದೋಸೆಯ ಊರಿನವರಿಗೆ ಇಷ್ಟು ಕಡಿಮೆ ಹಾಕುವುದು ಮನಸ್ಸಿಗೆ ಒಗ್ಗದ ಮಾತು ಎಂದು ನನಗೆ ಗೊತ್ತು. ಆದರೆ ಹೆಚ್ಚಾದ ಗ್ರೀಸು ಇದ್ದಲ್ಲಿ ಇರುವುದಿಲ್ಲ; ಬೇಸಿಗೆಯಲ್ಲಿ ಇಳಿದು, ಧೂಳು ಹಿಡಿದು, ಕೊನೆಗೆ ಫ್ಲಾಪಿಯ ಮೈ ಮುಟ್ಟುತ್ತದೆ. ಜೋಡಿಸಿದ ಮೇಲೆ ಕರೆಂಟಿಲ್ಲದೆಯೇ ಬೇಡದ ಫ್ಲಾಪಿಯೊಂದನ್ನು ಇಪ್ಪತ್ತು ಸಲ ಒಳಗೆ ಹೊರಗೆ ಮಾಡಿ. ಸರಿಯಾದ ಡ್ರೈವ್ ‘ಠಕ್’ ಎಂದು ಒಂದೇ ಪೆಟ್ಟಿಗೆ ಕೂರುತ್ತದೆ. ‘ಠ...ಕ್’ ಎಂದು ಎಳೆದರೆ ಇನ್ನೂ ಎಲ್ಲೋ ಜಿಡ್ಡು ಉಳಿದಿದೆ, ಮತ್ತೆ ಬಿಚ್ಚಿ.

ಹೆಡ್

ಮೇಲಿನ ಹೆಡ್ಡಿನ ತೋಳನ್ನು ಪೆನ್ಸಿಲ್ ದಪ್ಪದಷ್ಟು ಮಾತ್ರ ಎತ್ತಿ. ತೋಳಿನ ತುದಿಯಲ್ಲಿ ತಾಮ್ರದ ಬಣ್ಣದ ತಗಡಿನ ಹಾಸು ಇದೆ, ಬಂಗಾರದ ಅಂಗಡಿಯವರು ಸುತ್ತಿಕೊಡುವ ಕಾಗದಕ್ಕಿಂತ ಗಟ್ಟಿಯೇನಲ್ಲ. ಹೆಡ್ ಫ್ಲಾಪಿಯ ಏರಿಳಿತಕ್ಕೆ ಹೊಂದಿಕೊಳ್ಳುವುದು ಅದರ ಮೇಲೆಯೇ. ಅದು ಬಾಗಿದರೆ ಮತ್ತೆ ನೇರವಾಗುವುದಿಲ್ಲ.

ಬಡ್ ಅನ್ನು ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿ, ಹೆಡ್ಡಿನ ಮೇಲೆ ಒತ್ತಡವಿಲ್ಲದೆ ಆಡಿಸಿ. ಬಡ್ಡಿನ ತುದಿಗೆ ಕಾಫಿ ಕಲೆಯಂಥ ಕಂದು ಬಣ್ಣ ಬಂದರೆ ಅದು ಫ್ಲಾಪಿಗಳಿಂದ ಉದುರಿದ ಆಕ್ಸೈಡು. ಬಡ್ ಬಿಳಿಯಾಗಿಯೇ ಉಳಿಯುವವರೆಗೆ ಬದಲಿಸುತ್ತಿರಿ. ಕೊನೆಗೆ ಮೊಬೈಲಿನ ಕ್ಯಾಮೆರಾ ಹಿಗ್ಗಿಸಿ ನೋಡಿ: ಹೆಡ್ಡಿನ ಮೈ ಕನ್ನಡಿಯಂತೆ ಹೊಳೆಯಬೇಕು, ನಡುವಿನ ಸಣ್ಣ ಗೆರೆ ಸ್ಪಷ್ಟವಾಗಿ ಕಾಣಬೇಕು, ಹತ್ತಿಯ ಒಂದೇ ಒಂದು ಎಳೆಯೂ ಸಿಕ್ಕಿಕೊಂಡಿರಬಾರದು. ಆ ಒಂದು ಎಳೆ ಹೆಡ್ಡಿಗೂ ಫ್ಲಾಪಿಗೂ ನಡುವೆ ನಿಂತರೆ ಸಾಕು, ಹಳೆಯ ಪಿಸಿಗಳ ಕಾರ್ಯಾಚರಣೆ ವ್ಯವಸ್ಥೆಯಾದ ಡಾಸ್ ಪರದೆಯ ಮೇಲೆ ಅಬಾರ್ಟ್, ರಿಟ್ರೈ, ಫೇಲ್ ಎಂದು ಜಪ ಶುರು ಮಾಡುತ್ತದೆ.

ಒಂದೇ ಬದಿ ಓದುವ ಹಳೆಯ 5.25 ಇಂಚಿನ ಡ್ರೈವ್‌ಗಳಲ್ಲಿ ಮೇಲೆ ಹೆಡ್ ಇರುವುದಿಲ್ಲ, ಫ್ಲಾಪಿಯನ್ನು ಒತ್ತಿ ಹಿಡಿಯುವ ಉಣ್ಣೆಯ ಸಣ್ಣ ಮೆತ್ತೆ ಇರುತ್ತದೆ. ಅದನ್ನು ಒದ್ದೆ ಮಾಡಬೇಡಿ. ಸವೆದು ಗಟ್ಟಿಯಾಗಿದ್ದರೆ ಅದೇ ಅಳತೆಯ ಫೆಲ್ಟ್ ಕತ್ತರಿಸಿ ಅಂಟಿಸಿ.

ಕಂಬಿ, ತಿರುಪುಗಂಬ, ಮೋಟರು

3.5 ಇಂಚಿನ ಡ್ರೈವಿನಲ್ಲಿ ಒಂದು ಪಥದಿಂದ ಮುಂದಿನ ಪಥಕ್ಕೆ ಇರುವ ದೂರ 0.19 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಸ್ಟೆಪರ್ ಮೋಟರು ತೋಡುಗಳಿರುವ ತಿರುಪುಗಂಬವನ್ನು ತಿರುಗಿಸಿ, ಅಷ್ಟಷ್ಟೇ ಹೆಜ್ಜೆಯಿಟ್ಟು ಹೆಡ್ಡನ್ನು ಕಂಬಿಯ ಮೇಲೆ ತಳ್ಳುತ್ತದೆ. ಕಂಬಿಯ ಮೇಲೆ ಒಣಗಿದ ಗ್ರೀಸಿನ ಒಂದು ಗಂಟು ಇದ್ದರೆ ಹೆಡ್ ಅರ್ಧ ಹೆಜ್ಜೆಯಲ್ಲಿ ನಿಲ್ಲುತ್ತದೆ. ಹೊರಗಿನ ಪಥಗಳು ಓದಿ ಒಳಗಿನವು ಓದದಿದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಕರೆಂಟು ತೆಗೆದು ತಿರುಪುಗಂಬವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಹೆಡ್ಡನ್ನು ಒಂದು ತುದಿಗೆ ಕಳುಹಿಸಿ. ಕಂಬಿಯ ತೆರೆದ ಭಾಗವನ್ನು ಒರೆಸಿ, ಇನ್ನೊಂದು ತುದಿಗೆ ಕಳುಹಿಸಿ ಉಳಿದದ್ದನ್ನು ಒರೆಸಿ. ಆಮೇಲೆ ಬಡ್ಡಿನ ತುದಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಹಾಕಿ, ಆ ಬಡ್ಡನ್ನೇ ಕಾಗದದ ಮೇಲೆ ಒಮ್ಮೆ ಒರೆಸಿ, ಉಳಿದ ಪಸೆಯನ್ನು ಕಂಬಿಗೆ ಸವರಿ. ಕಂಬಿ ಹೊಳೆಯಬೇಕು, ಹನಿ ಕಾಣಬಾರದು. ತಿರುಪುಗಂಬದ ತೋಡಿಗೆ ಗ್ರೀಸಿನ ತೆಳು ಲೇಪ ಸಾಕು. ತೋಡಿನಲ್ಲಿ ಕೂತಿರುವ ಸಣ್ಣ ಗೂಟವನ್ನು ಹೊರಗೆ ಎಳೆಯಬೇಡಿ.

ಫ್ಲಾಪಿಯನ್ನು ತಿರುಗಿಸುವ ಮೋಟರನ್ನು ಬೆರಳಿನಿಂದ ಸುತ್ತಿಸಿ ನೋಡಿ. ಸದ್ದಿಲ್ಲದೆ ತಿರುಗಿದರೆ ಕೈ ಹಾಕಬೇಡಿ. ಕಿರುಗುಟ್ಟಿದರೆ ಹಿತ್ತಾಳೆ ಬುಷ್ಷಿನವಕ್ಕೆ ಸೂಜಿಯ ತುದಿಯಿಂದ ಒಂದೇ ಹನಿ ಎಣ್ಣೆ. ಮುಚ್ಚಿದ ಬಾಲ್ ಬೇರಿಂಗ್ ಇದ್ದರೆ ಏನೂ ಬೇಡ.

ಹಾಗೆಯೇ ಸರ್ಕ್ಯೂಟ್ ಹಲಗೆಯ ಮೇಲೆ ಒಮ್ಮೆ ಕಣ್ಣಾಡಿಸಿ. 1980ರ ದಶಕದ ಕೊನೆಯ, 90ರ ಮೊದಲ ಭಾಗದ ಡ್ರೈವ್‌ಗಳಲ್ಲಿ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ಬುಡದಲ್ಲಿ ರಸ ಸೋರಿ ತಾಮ್ರದ ಗೆರೆಗಳನ್ನು ತಿಂದಿರುವುದುಂಟು. ಬೆಸುಗೆ ಕಾವಿಗೆ ಮೀನಿನ ವಾಸನೆ ಬಂದರೆ ಅದೇ. ಅವನ್ನು ಬದಲಿಸಿ, ಕೆಳಗಿನ ಜಾಗವನ್ನು ಆಲ್ಕೋಹಾಲಿನಿಂದ ಒರೆಸಿ.

ಬೆಲ್ಟು ಮತ್ತು ಟ್ಯೂಬ್‌ಲೈಟು

ಚಿತ್ರದುರ್ಗದ ಗುಜರಿ ಅಂಗಡಿಯೊಂದರಲ್ಲಿ ನನಗೆ ಸಿಕ್ಕ 360 ಕೆಬಿಯ ಡ್ರೈವ್ ಬೆಲ್ಟಿನದು. ಬೆರಳೆಣಿಕೆಯ ಕಂಪ್ಯೂಟರ್‌ಗಳಲ್ಲಿ ಊರಿನ ಅರ್ಧ ಹುಡುಗರಿಗೆ ವರ್ಡ್‌ಸ್ಟಾರ್ ಎಂಬ ಬರವಣಿಗೆಯ ತಂತ್ರಾಂಶ ಕಲಿಸುತ್ತಿದ್ದ ಕಾಲದ್ದು. ಇಂಥವುಗಳಲ್ಲಿ ಮೋಟರು ಒಂದು ಮೂಲೆಯಲ್ಲಿ, ದೊಡ್ಡ ಗಾಲಿ ನಡುವೆ. ಎರಡಕ್ಕೂ ಚಪ್ಪಟೆ ರಬ್ಬರ್ ಬೆಲ್ಟ್. ರಬ್ಬರು ಹಳೆಯದಾದರೆ ಸಡಿಲವಾಗುತ್ತದೆ, ಕೆಲವು ಡಾಂಬರಿನಂತೆ ಕರಗಿ ಗಾಲಿಗೆ ಮೆತ್ತಿಕೊಳ್ಳುತ್ತವೆ. ಆ ಕಪ್ಪನ್ನು ಆಲ್ಕೋಹಾಲಿನಿಂದ ಪೂರ್ತಿ ತೆಗೆಯಿರಿ, ಕೈಗವಸು ಹಾಕಿಕೊಂಡು. ಹೊಸ ಬೆಲ್ಟಿಗೆ ದಾರವನ್ನು ಎರಡೂ ಗಾಲಿಗಳ ಸುತ್ತ ಸುತ್ತಿ ಅಳೆದು, ಬಂದ ಉದ್ದಕ್ಕಿಂತ ಸುಮಾರು 5 ಪ್ರತಿಶತ ಕಡಿಮೆಯದನ್ನು ಆರಿಸಿಕೊಳ್ಳಿ. ಟೇಪ್ ರೆಕಾರ್ಡರ್ ರಿಪೇರಿ ಮಾಡುವವರ ಡಬ್ಬಿಯಲ್ಲಿ ಸಾಮಾನ್ಯವಾಗಿ ಹೊಂದುವಂಥದ್ದು ಸಿಗುತ್ತದೆ.

ಬೆಲ್ಟು ಬದಲಿಸಿದ ಮೇಲೆ ವೇಗ ಸರಿಪಡಿಸಬೇಕು. ದೊಡ್ಡ ಗಾಲಿಯ ಮೇಲೆ ಕಪ್ಪು ಬಿಳಿ ಗೆರೆಗಳ ಎರಡು ವೃತ್ತಗಳಿರುತ್ತವೆ, ಒಂದರ ಪಕ್ಕ 50, ಇನ್ನೊಂದರ ಪಕ್ಕ 60 ಎಂದಿರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್. ತಾಮ್ರದ ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಅದರ ಕೆಳಗೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಗಾಲಿ ಸೆಕೆಂಡಿಗೆ 5 ಸುತ್ತು ತಿರುಗಿದರೆ ಒಂದು ಮಿನುಗಿಗೂ ಇನ್ನೊಂದಕ್ಕೂ ನಡುವೆ ಸುತ್ತಿನ ಇಪ್ಪತ್ತನೇ ಒಂದು ಭಾಗ ಸರಿದಿರುತ್ತದೆ. ಹಾಗಾಗಿ 20 ಗೆರೆಗಳ ವೃತ್ತ ನಿಂತಲ್ಲೇ ನಿಂತಂತೆ ಕಾಣುತ್ತದೆ. ಗಾಲಿ ಗರಗರ ತಿರುಗುತ್ತಿರುತ್ತದೆ, ಗೆರೆಗಳು ಮಾತ್ರ ಗೋಡೆಗೆ ಬರೆದಂತೆ ಸ್ತಬ್ಧ. ಎಷ್ಟು ಸಲ ನೋಡಿದರೂ ನನಗೆ ಇದು ಸಾಲದು. ಗೆರೆಗಳು ಗಾಲಿ ತಿರುಗುವ ದಿಕ್ಕಿಗೆ ತೆವಳಿದರೆ ವೇಗ ಹೆಚ್ಚು, ಹಿಂದಕ್ಕೆ ತೆವಳಿದರೆ ಕಡಿಮೆ. ಹಲಗೆಯ ಮೇಲಿನ ವೇಗದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸಿ.

ಎಲ್‌ಇಡಿ ಬಲ್ಬಿನ ಕೆಳಗೆ ಇದನ್ನು ನಂಬಬೇಡಿ, ಒಳ್ಳೆಯವು ಮಿನುಗುವುದೇ ಇಲ್ಲ. ಎಲೆಕ್ಟ್ರಾನಿಕ್ ಚೋಕಿನ ಟ್ಯೂಬೂ ಆಗದು. ಕರೆಂಟು ಹೋಗಿ ಮನೆ ಇನ್ವರ್ಟರಿನ ಮೇಲೆ ಓಡುತ್ತಿರುವಾಗಲೂ ಬೇಡ. ಅದರ 50 ಹರ್ಟ್ಜ್ ಬರೀ ಹೆಸರಿಗೆ ಇರಬಹುದು. ಮೊದಲ ಸಲ ನಾನು 60ರ ವೃತ್ತವನ್ನು ನೋಡಿ ಗೆರೆ ನಿಲ್ಲಿಸಿ ಬೀಗಿದ್ದೆ. ಅದರಲ್ಲಿ 24 ಗೆರೆ. ನಮ್ಮ ಬೆಳಕಿನಲ್ಲಿ ಅವು ನಿಲ್ಲುವುದು ಡ್ರೈವ್ ನಿಮಿಷಕ್ಕೆ 250 ಸುತ್ತು ತಿರುಗಿದಾಗ. ಒಂದಿಡೀ ಭಾನುವಾರ ಹೆಡ್ಡಿಗೆ, ಕೇಬಲ್ಲಿಗೆ, ಫ್ಲಾಪಿಗೆ ಬೈದುಕೊಂಡು ಕಳೆದೆ.

ಬೆಲ್ಟಿಲ್ಲದೆ ಮೋಟರೇ ನೇರವಾಗಿ ಫ್ಲಾಪಿ ತಿರುಗಿಸುವ ಡ್ರೈವ್‌ಗಳಲ್ಲಿ ಹೆಚ್ಚಿನವಕ್ಕೆ ಈ ತಿರುಪೇ ಇಲ್ಲ, ವೇಗ ತಾನಾಗಿಯೇ ಸರಿಯಿರುತ್ತದೆ.

ಮುಟ್ಟಬಾರದ ತಿರುಪುಗಳು

ಸ್ಟೆಪರ್ ಮೋಟರನ್ನು ಹಿಡಿದಿರುವ ಎರಡು ತಿರುಪುಗಳ ಮೇಲೆ ಕೆಂಪು ಅಥವಾ ಹಸಿರು ಬಣ್ಣದ ಚುಕ್ಕೆ ಇದ್ದರೆ ಅದು ಕಾರ್ಖಾನೆಯ ಮುದ್ರೆ. ಮೊದಲ ಪಥವನ್ನು ಗುರುತಿಸುವ ಸೆನ್ಸರಿನ ತಿರುಪೂ ಅಷ್ಟೇ. ಹೆಡ್ ಯಾವ ಪಥದ ನೆತ್ತಿಯ ಮೇಲೆ ನಿಲ್ಲಬೇಕು ಎಂಬುದು ಇವುಗಳಲ್ಲಿ ಅಡಗಿದೆ. ಸಡಿಲಿಸಿದರೆ ಮತ್ತೆ ಕೂರಿಸಲು ಅದಕ್ಕೆಂದೇ ಮಾಡಿದ ಅನಲಾಗ್ ಫ್ಲಾಪಿ ಮತ್ತು ವಿದ್ಯುತ್ ಸಂಕೇತದ ಆಕಾರವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಬೇಕು. ಪರದೆಯ ಮೇಲೆ ಬೆಕ್ಕಿನ ಕಣ್ಣಿನಂಥ ಎರಡು ಆಕಾರಗಳು ಸಮನಾಗುವವರೆಗೆ ಮೋಟರನ್ನು ಕದಲಿಸುತ್ತಾ ಕೂರಬೇಕು.

ಒಂದು ಡ್ರೈವನ್ನು ನನಗಿಂತ ಮೊದಲು ನೋಡಿದ್ದ ರಿಪೇರಿಯವರು ಈ ತಿರುಪುಗಳನ್ನು ಬಿಗಿ ಮಾಡಿ ಕೊಟ್ಟಿದ್ದರು. ಡ್ರೈವ್ ತಾನು ಬರೆದದ್ದನ್ನು ತಾನೇ ಚೆನ್ನಾಗಿ ಓದುತ್ತಿತ್ತು, ಬೇರೆಯವರ ಒಂದಕ್ಷರವನ್ನೂ ಓದುತ್ತಿರಲಿಲ್ಲ. ಇದರ ಇನ್ನೊಂದು ಮುಖವನ್ನೂ ನೆನಪಿಡಿ: ಮೊದಲಿನಿಂದಲೂ ಸ್ವಲ್ಪ ಓರೆಯಾಗಿದ್ದ ಡ್ರೈವಿನಲ್ಲಿ ಬರೆದ ಫ್ಲಾಪಿಗಳಿದ್ದರೆ, ಅವನ್ನು ಚೆನ್ನಾಗಿ ಓದಬಲ್ಲದ್ದು ಅದೇ ಓರೆ ಡ್ರೈವ್. ಅದನ್ನು ‘ಸರಿ’ ಮಾಡಿದಿರೋ, ಕೀಲಿಕೈಯನ್ನು ಅರದಿಂದ ಉಜ್ಜಿದಂತೆ.

ಸೆನ್ಸರಿಗೆ ಬರೀ ಧೂಳು ಕೂತಿದ್ದರೆ ಹೆಡ್ ಹಿಂದಿನ ತಡೆಗೆ ಕಟಕಟ ಎಂದು ಬಡಿದುಕೊಳ್ಳುತ್ತಲೇ ಇರುತ್ತದೆ. ಗಾಳಿ ಬಲ್ಬಿನಿಂದ ಎರಡು ಸಲ ಊದಿದರೆ ಹೆಚ್ಚಾಗಿ ನಿಲ್ಲುತ್ತದೆ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ಜೋಡಣೆ, ಪರೀಕ್ಷೆ

34 ತಂತಿಯ ಕೇಬಲ್ಲಿನ ಕೆಂಪು ಅಂಚು 1ನೇ ಸೂಜಿಯ ಕಡೆಗೆ. ತಿರುಗುಮುರುಗಾಗಿ ಸಿಕ್ಕಿಸಿದರೆ ಡ್ರೈವಿನ ದೀಪ ಆರುವುದೇ ಇಲ್ಲ. ಅದು ಕೆಟ್ಟಿದೆ ಎಂದಲ್ಲ, ಕೇಬಲ್ ತಿರುಗಿಸಿ ಹಾಕಿ. ಪಿಸಿಯ ಕೇಬಲ್ಲಿನಲ್ಲಿ 10ರಿಂದ 16ರವರೆಗಿನ ತಂತಿಗಳು ಒಂದು ಕಡೆ ತಿರುಚಿಕೊಂಡಿರುತ್ತವೆ. ತಿರುಚಿದ ಆಚೆಯ ತುದಿಗೆ ಹಾಕಿದ್ದು ಕಂಪ್ಯೂಟರಿಗೆ ಎ ಡ್ರೈವ್, ಈಚೆಯದು ಬಿ ಡ್ರೈವ್. ವಿದ್ಯುತ್ತಿನಲ್ಲಿ ಕೆಂಪು 5 ವೋಲ್ಟ್, ಹಳದಿ 12, ಕಪ್ಪು ಎರಡೂ ನೆಲ (ಗ್ರೌಂಡ್). 5.25 ಇಂಚಿನದಕ್ಕೆ 12 ವೋಲ್ಟ್ ಬೇಕೇ ಬೇಕು.

ಫ್ಲಾಪಿಯ ಬಾಯಿಯ ಹತ್ತಿರ ಇರುವ ಪುಟ್ಟ ಸ್ವಿಚ್‌ಗಳನ್ನು ಮರೆಯಬೇಡಿ. ಒಂದು ಫ್ಲಾಪಿ ಬಂತೆಂದು ಹೇಳುತ್ತದೆ, ಒಂದು ಬರೆಯಬಹುದೇ ಎಂದು, ಇನ್ನೊಂದು 1.44 ಎಂಬಿಯದೋ ಅದರ ಅರ್ಧ ಹಿಡಿಯುವ 720 ಕೆಬಿಯದೋ ಎಂದು. ಕಿಲುಬು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರಿನ ಒಂದು ಹನಿ ಬಿಟ್ಟು ಮೂವತ್ತು ಸಲ ಒತ್ತಿ. ಫ್ಲಾಪಿ ಬದಲಿಸಿದರೂ ಪರದೆಯ ಮೇಲೆ ಹಿಂದಿನದರ ಕಡತಗಳೇ ಕಾಣುತ್ತಿದ್ದರೆ, ಬದಲಾವಣೆಯ ಸುದ್ದಿ ಹೊರುವ 34ನೇ ತಂತಿಯನ್ನು ನೋಡಿ. ಈ ಸ್ಥಿತಿಯಲ್ಲಿ ಅಪ್ಪಿತಪ್ಪಿಯೂ ಬರೆಯಬೇಡಿ: ಒಂದರ ಪಟ್ಟಿ ಇನ್ನೊಂದರ ಮೇಲೆ ಕೂತು ಎರಡನೆಯದು ಹಾಳಾಗುತ್ತದೆ.

ಮೊದಲು ಹಾಕುವ ಫ್ಲಾಪಿ ಯಾವಾಗಲೂ ಬೇಡದ್ದೇ ಆಗಿರಲಿ. ಹತ್ತು ನಿಮಿಷ ಓಡಿಸಿ, ಹೊರಗೆ ತೆಗೆದು, ಕವಾಟ ಸರಿಸಿ ಎರಡೂ ಬದಿ ನೋಡಿ. ಮೈಮೇಲೆ ಉಂಗುರದಂಥ ಗೀರು ಬಿದ್ದಿದ್ದರೆ ಹೆಡ್ಡಿನಲ್ಲಿ ಇನ್ನೂ ಏನೋ ಇದೆ. ಬೇಕಾದ ಫ್ಲಾಪಿಗಳನ್ನೂ ತೂರಿಸುವ ಮೊದಲು ಹೀಗೆಯೇ ನೋಡಿ. ಬೂದಿ ಬಣ್ಣದ ಮಚ್ಚೆ ಕಂಡರೆ ಅದು ಬೂಷ್ಟು, ಈಗಷ್ಟೇ ತೊಳೆದ ಹೆಡ್ಡಿಗೆ ಮೊದಲ ಸುತ್ತಿನಲ್ಲೇ ಹತ್ತುತ್ತದೆ. ಅಂಥವನ್ನು ಬೇರೆ ಇಡಿ. ಓದುವಾಗ ಕಿರ್ ಎಂದು ಸದ್ದು ಬಂದರೆ ತಕ್ಷಣ ನಿಲ್ಲಿಸಿ, ಫ್ಲಾಪಿಯ ಲೇಪ ಏಳುತ್ತಿದೆ. ಬರಹ ತಡೆಯುವುದನ್ನೂ ಮರೆಯಬೇಡಿ: 3.5 ಇಂಚಿನದರಲ್ಲಿ ಕಿಂಡಿ ತೆರೆದಿರಬೇಕು, 5.25ರಲ್ಲಿ ಅಂಚಿನ ಕಚ್ಚು ಮುಚ್ಚಿರಬೇಕು. ಮುಚ್ಚುವುದಕ್ಕೆ ಪಾರದರ್ಶಕ ಟೇಪು ಹಚ್ಚಬೇಡಿ, ಕೆಲವು ಡ್ರೈವ್‌ಗಳು ಅಲ್ಲಿ ಬೆಳಕು ತೂರುತ್ತದೆಯೇ ಎಂದು ನೋಡುತ್ತವೆ.

ಹಳೆಯ ಕಂಪ್ಯೂಟರ್ ಇದ್ದರೆ ಡಾಸ್‌ನಲ್ಲಿ ಓಡುವ ಇಮೇಜ್‌ಡಿಸ್ಕ್ ಎಂಬ ತಂತ್ರಾಂಶ ವೇಗವನ್ನೂ ಅಳೆಯುತ್ತದೆ, ಫ್ಲಾಪಿಯ ಪೂರ್ತಿ ಪ್ರತಿಯನ್ನೂ ತೆಗೆಯುತ್ತದೆ. ಇಲ್ಲದಿದ್ದರೆ ಗ್ರೀಸ್‌ವೀಝಲ್ ಎಂಬ ಸಣ್ಣ ಹಲಗೆ ಕೊಳ್ಳಿ. ಇದು ಡ್ರೈವಿಗೂ ಈಗಿನ ಲ್ಯಾಪ್‌ಟಾಪಿನ ಯುಎಸ್‌ಬಿಗೂ ನಡುವೆ ಕೂತು, ಕಾಂತದ ಏರಿಳಿತವನ್ನೇ ಹಸಿಯಾಗಿ ದಾಖಲಿಸಿಕೊಳ್ಳುತ್ತದೆ. ಬಿಡಿಸಿ ಓದುವ ಕೆಲಸವನ್ನು ಆಮೇಲೆ ನಿಧಾನವಾಗಿ ಮಾಡಬಹುದು, ಫ್ಲಾಪಿಯನ್ನು ಮತ್ತೆ ಮತ್ತೆ ಸವೆಸಬೇಕಾಗಿಲ್ಲ. 300 ಸುತ್ತಿನ ಡ್ರೈವ್ 296ರಿಂದ 304ರೊಳಗೆ ತೋರಿಸಿದರೆ ಸಾಕು. ಪೇಟೆಯಲ್ಲಿ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವ್ ಆರೋಗ್ಯವಾಗಿರುವ 1.44ರ ಫ್ಲಾಪಿಗೆ ಪರವಾಗಿಲ್ಲ, 5.25 ಇಂಚಿನದಕ್ಕೆ ಉಪಯೋಗವಿಲ್ಲ.

ಓದಿ ಬಂದ ಕಡತ ತೆರೆದಾಗ ಕನ್ನಡದ ಬದಲು ಚಿತ್ರವಿಚಿತ್ರ ಚಿಹ್ನೆಗಳು ಕಂಡರೆ ಡ್ರೈವನ್ನು ಮತ್ತೆ ಬಿಚ್ಚಬೇಡಿ. ಯೂನಿಕೋಡ್ ಬರುವ ಮೊದಲು ಒಂದೊಂದು ತಂತ್ರಾಂಶದ್ದು ಒಂದೊಂದು ಅಕ್ಷರ ಸಂಕೇತ. ಆ ಕಾಲದ ಫಾಂಟ್ ಹಾಕಿದರೆ ಅಕ್ಷರ ಮೂಡುತ್ತದೆ. ಬೂಟಿನ ಡಬ್ಬಿಯ ಒಂದು ಕರೆಯೋಲೆ ಹಾಗೆ ಮೂಡಿದಾಗ ವಿಳಾಸದ ಸಾಲಿನಲ್ಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿತ್ತು. ಅಂದರೆ 1997ರ ಆಗಸ್ಟ್ 15ಕ್ಕೆ ನಮ್ಮದೇ ಜಿಲ್ಲೆಯಾಗುವುದಕ್ಕಿಂತ ಹಿಂದಿನದು.

ಆ ಡಬ್ಬಿಯಲ್ಲಿ ನಾಲ್ಕು ಫ್ಲಾಪಿಗಳು ಇನ್ನೂ ಬಾಯಿ ಬಿಟ್ಟಿಲ್ಲ. ಬೂಷ್ಟಿಲ್ಲ, ಗೀರಿಲ್ಲ, ನನ್ನ ಮೂರು ಡ್ರೈವ್‌ಗಳಲ್ಲಿ ಯಾವುದೂ ಅವನ್ನು ಓದುವುದಿಲ್ಲ. ನಾಲ್ಕರ ಚೀಟಿಯ ಕೈಬರಹವೂ ಒಂದೇ, ಅಂಗಡಿಯವರದಲ್ಲ. ಹರಿಹರದ ಪಾರ್ಟಿ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಬರೆದು ತಂದಿರಬೇಕು. ಆ ಓರೆ ಡ್ರೈವ್ ಯಾರ ಅಟ್ಟದ ಮೇಲಿದೆ ಎಂದು ಹುಡುಕುತ್ತಿದ್ದೇನೆ.